ಬೀಜದ ಗದ್ದೆಯ ಬೇಲಿ

ಹೊಳೆ ತಿರುಗುವ ಕಡೆ ಒಂದು ಬಂಡೆ, ಬಂಡೆಯ ಮೇಲೆ ಪುಟ್ಟ ಮಠ. ಹತ್ತಲು ಕಲ್ಲು ಕಡಿದು ಮಾಡಿದ ಮೆಟ್ಟಿಲು. ಮಠದ ಹಿಂದೆ ಕಡಿದಾದ ಗುಡ್ಡ, ಮುಂದೆ ಒಂದೇ ಒಂದು ಗದ್ದೆ. ಗದ್ದೆಯ ಕೆಳಗೆ ಊರು, ಊರಿನ ಕೆಳಗೆ ಹೊಳೆ.

ಆ ಕಡೆ ಮಳೆ ಹಿಡಿದರೆ ಹಿಡಿದಂತೆಯೇ. ಆರಿದ್ರಾ ಮಳೆಯಲ್ಲಿ ಒಗೆದು ಹರವಿದ ಬಟ್ಟೆ ದೀಪಾವಳಿಗೆ ಒಣಗಿದರೆ ಪುಣ್ಯ.

ಮಠದ ಗುರುಗಳಿಗೆ ಒಂದು ಉದ್ದನೆಯ ಹೆಸರಿತ್ತು. ಅದನ್ನು ಯಾರೂ ಬಳಸುತ್ತಿರಲಿಲ್ಲ. ಬೇಸಿಗೆಯಲ್ಲೂ ಅವರ ಹೆಗಲ ಮೇಲೆ ಕಂಬಳಿ ಇರುತ್ತಿತ್ತು, ಜನ ಕಂಬಳಿ ಬುದ್ಧಿ ಎಂದೇ ಕರೆಯುತ್ತಿದ್ದರು. ಗುರುಗಳನ್ನು ಬುದ್ಧಿ ಎನ್ನುವುದು ಆ ಸೀಮೆಯ ವಾಡಿಕೆ.

ಅವರಿಗೆ ಒಬ್ಬನೇ ಶಿಷ್ಯ, ಪರ್ವತ. ವಯಸ್ಸಿಗೆ ಬಂದವನು, ಕಟ್ಟುಮಸ್ತಾದ ಆಳು. ಮಠದ ಕಿರಿಯನೆಂದು ಊರವರು ಅವನನ್ನು ಮರಿದೇವರು ಎನ್ನುತ್ತಿದ್ದರು. ಅವನ ಕೈಗೆಲಸ ನೋಡಿದರೆ ಯಾರಿಗಾದರೂ ಹೊಟ್ಟೆಕಿಚ್ಚಾಗಬೇಕು, ಅಷ್ಟು ಚೊಕ್ಕ.

ಹಿಂದಿನ ಮಳೆಗಾಲದಲ್ಲಿ ಹೊಳೆ ಊರೊಳಗೆ ಬಂದು ಮನೆಮನೆಯ ಭತ್ತದ ಕಣಜಗಳನ್ನು ಕೊಚ್ಚಿಕೊಂಡು ಹೋಗಿತ್ತು. ಆ ಊರಿನ ಗದ್ದೆಗಳಲ್ಲಿ ಒಂದೇ ಭತ್ತ ಬೆಳೆಯುತ್ತದೆ. ಕೆಂಪು ಭತ್ತ, ನೀರಲ್ಲಿ ಎಷ್ಟು ದಿನ ನಿಂತರೂ ಕೊಳೆಯದ್ದು. ಅದರ ಬೀಜ ಒಂದು ಮನೆಯಲ್ಲೂ ಉಳಿಯಲಿಲ್ಲ.

ಉಳಿದದ್ದು ಮಠದಲ್ಲಿ ಮಾತ್ರ. ಹುಲ್ಲು ಸುತ್ತಿ ಕಟ್ಟಿ, ಒಲೆಯ ಮೇಲೆ ಹೊಗೆಗೆ ನೇತುಹಾಕಿದ್ದ ಬೀಜದ ಒಂದು ಮೂಟೆ.

ಬುದ್ಧಿ ಮೂಟೆ ಇಳಿಸಿ ಪರ್ವತನ ಮುಂದಿಟ್ಟರು.

“ಇದು ಊರಿನ ಬೀಜ ಕಣಪ್ಪ. ಈ ಸಲ ನಮ್ಮ ಗದ್ದೇಲಿ ಬಿತ್ತಿ ಹೆಚ್ಚಿಸಿ ಕೊಡ್ಬೇಕು. ಇದು ಹೋಯ್ತು ಅಂದ್ರೆ ಊರವರು ಗಂಟುಮೂಟೆ ಕಟ್ಬೇಕು.”

“ಹೋಗೋದಕ್ಕೆ ಬಿಡ್ತೀನಾ ಬುದ್ಧಿ?”

“ಗುಡ್ಡದ ಕಡೆಯಿಂದ ಹಂದಿ ಬರುತ್ತೆ. ಊರ ಕಡೆಯಿಂದ ದನ ಬರುತ್ತೆ. ಬೇಲಿ ಹಾಕು.”

ಪರ್ವತ ಆ ಕೆಲಸಕ್ಕೇ ಹುಟ್ಟಿದವನಂತೆ ದುಡಿದ. ಬಿದಿರು ಕಡಿದ, ಸೀಳಿದ, ಗದ್ದೆಯ ಸುತ್ತ ಒತ್ತೊತ್ತಾದ ತಟ್ಟಿ ಹೆಣೆದ. ದೂರದಿಂದ ನೋಡಿದರೆ ಹೊಸ ಮೊರದ ಹಾಗೆ ಹೊಳೆಯುತ್ತಿತ್ತು.

“ಬುದ್ಧಿ, ಇಲಿ ಕೂಡ ನುಗ್ಗಲ್ಲ, ಬಂದು ನೋಡಿ.”

ಬುದ್ಧಿ ಬೇಲಿಯ ಉದ್ದಕ್ಕೂ ನಡೆದರು. ಹೆಣಿಗೆಯನ್ನು ಕೈಯಿಂದ ಸವರಿದರು. ಸುಳ್ಳು ಹೊಗಳಿಕೆ ಅವರಿಗೆ ಬರುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

“ಬಲು ಚೆಂದ ಕಟ್ಟಿದೀಯ. ಮಳೆರಾಯ ಬಂದು ನೋಡಿದ್ನಾ?”

“ಇನ್ನೂ ಇಲ್ಲ ಬುದ್ಧಿ.”

“ಬರ್ಲಿ. ಆಮೇಲೆ ಮಾತಾಡೋಣ.”

ಬೀಜ ಮೊಳೆತು ಪೈರು ಗೇಣುದ್ದ ಎದ್ದಿತ್ತು. ಆಗ ಆರಿದ್ರಾ ಮಳೆ ಬಂತು. ಗುಡ್ಡದ ನೀರು ತರಗೆಲೆಗಳನ್ನು ಹೊತ್ತುಕೊಂಡು ಗದ್ದೆಗೆ ಇಳಿಯಿತು. ಕೆಳಗಿನ ಬದುವಿನಲ್ಲಿ ಎಲೆಗಳು ತಟ್ಟಿಗೆ ಅಂಟಿಕೊಂಡವು. ಸಂದು ಮುಚ್ಚಿತು. ನೀರಿಗೆ ಹೋಗಲು ದಾರಿಯಿಲ್ಲದೆ ಗದ್ದೆ ಕೆರೆಯಾಯಿತು, ಎಳೆಯ ಪೈರು ತಲೆಯವರೆಗೂ ಮುಳುಗಿತು. ತಲೆ ಮುಳುಗಿದರೆ ಆ ಭತ್ತವೂ ಉಳಿಯದು.

ಪರ್ವತ ಎಲೆ ಬಾಚಿದ. ಬಾಚಿದಷ್ಟೂ ಹೊಸ ಎಲೆ ಬರುತ್ತಿತ್ತು.

ಬುದ್ಧಿ ಮಚ್ಚು ಹಿಡಿದು ಇಳಿದು ಬಂದರು. ಬೇಲಿಯನ್ನು ನಡುವೆ ಕಡಿದರು.

“ಅಯ್ಯೋ ಬುದ್ಧಿ!”

ನೀರು ಭೋರೆಂದು ಹೊರಗೆ ನುಗ್ಗಿತು. ಹೋಗುವಾಗ ತಟ್ಟಿಯನ್ನೂ ಕಿತ್ತುಕೊಂಡು ಹೋಯಿತು. ಪೈರು ಮೆಲ್ಲಗೆ ತಲೆಯೆತ್ತಿತು.

ಪರ್ವತನಿಗೆ ಅಳು ಬಂತು. ಅವನೇನೂ ಅದನ್ನು ಮುಚ್ಚಿಡಲಿಲ್ಲ.

“ಎಷ್ಟು ಕಷ್ಟಪಟ್ಟು ಹೆಣೆದಿದ್ದೆ ಬುದ್ಧಿ.”

“ಹೌದು. ಕಡಿಯುವಾಗ ನನ್ನ ಕರುಳೂ ಚುರ್ ಅಂತು.”

“ನನ್ನ ತಪ್ಪೇನು?”

“ಹಂದಿಗೆ ಬೇಲಿ ಹಾಕು ಅಂದಿದ್ದೆ. ನೀನು ಗುಡ್ಡದ ನೀರಿಗೂ ಹಾಕ್ಬಿಟ್ಟೆ.”

ಪರ್ವತ ಕಣ್ಣೊರೆಸಿಕೊಂಡ. ಸೋತು ಕೂರುವ ಜಾತಿಯವನಲ್ಲ ಅವನು. ಅದೇ ಸಂಜೆ ಮತ್ತೆ ಗುರುಗಳ ಮುಂದೆ ನಿಂತ.

“ತಟ್ಟಿ ಬೇಡ. ಕಂಬ ನೆಡ್ತೀನಿ, ನಡುವೆ ನೀರಿಗೆ ಸಂದು ಬಿಡ್ತೀನಿ. ಆದ್ರೆ ಈ ಮಳೇಲಿ ಕಂಬದ ಬುಡ ಕೊಳೆಯುತ್ತೆ. ಯಾವ ಮರದ ಕಂಬ ಕೊಳೆಯಲ್ಲ ಬುದ್ಧಿ?”

“ಬದುಕಿರೋ ಮರದ್ದು.”

ಅಷ್ಟು ಹೇಳಿ ಬುದ್ಧಿ ಕಂಬಳಿ ಹೊದ್ದು ಮಲಗಿಬಿಟ್ಟರು.

ಪರ್ವತ ಬಹಳ ಹೊತ್ತು ಯೋಚಿಸಿದ. ಬೆಳಿಗ್ಗೆ ಎದ್ದವನೇ ಹಾಲುವಾಣದ ಮರ ಹತ್ತಿದ. ಹಾಲುವಾಣದ ಕೊಂಬೆಯನ್ನು ಕಡಿದು ನೆಟ್ಟರೆ ಸಾಕು, ಬೇರು ಬಿಟ್ಟು ಚಿಗುರುತ್ತದೆ. ಒಮ್ಮೆ ಬೇರು ಬಿಟ್ಟ ಕಂಬಕ್ಕೆ ಮಳೆಯೇ ಊಟ.

ಕೊಂಬೆ ಕಡಿದು ಗೂಟ ಮಾಡಿದ. ತುದಿ ಚೂಪು ಮಾಡಿದ. ನೆಲಕ್ಕೆ ಬಡಿದ. ಸಾಲು ನೋಡಿದರೆ ನೂಲು ಹಿಡಿದು ನೆಟ್ಟಂತಿತ್ತು.

ದಿನಗಳು ಕಳೆದವು. ಊರಿನವರು ತಮ್ಮ ಹಿತ್ತಲಿಗೆ ನೆಟ್ಟ ಗೂಟಗಳೆಲ್ಲ ಚಿಗುರಿದವು. ಪರ್ವತನ ಗೂಟಗಳ ಮೇಲೆ ಅಣಬೆ ಎದ್ದವು.

ಅವನು ಬುಡಕ್ಕೆ ಸಗಣಿ ಹಾಕಿದ, ಬೂದಿ ಹಾಕಿದ. ಯಾರೂ ನೋಡದಾಗ ಕೈಯನ್ನೂ ಮುಗಿದ.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಬುದ್ಧಿ ತಮ್ಮ ಬಟ್ಟಲನ್ನು ಬೋರಲು ಹಾಕಿಕೊಂಡು ಕುಳಿತರು.

“ಗಂಜಿ ಬಡಿಸಪ್ಪ.”

“ಬುದ್ಧಿ, ಬಟ್ಟಲು ಬೋರಲಾಗಿದೆ.”

“ಇರ್ಲಿ, ಬಡಿಸು.”

“ಎಲ್ಲಾ ಚೆಲ್ಲಿಹೋಗುತ್ತೆ ಬುದ್ಧಿ.”

“ಮಳೆ ಬಡಿಸ್ತಾನೇ ಇದೆ. ನಿನ್ನ ಗೂಟಗಳೂ ಪಾಪ, ಹೀಗೇ ಕೂತಿವೆ.”

ಪರ್ವತ ಸೌಟನ್ನು ಹಾಗೇ ಹಿಡಿದು ನಿಂತ. ಆಮೇಲೆ ಹಣೆ ಚಚ್ಚಿಕೊಂಡು ಗದ್ದೆಗೆ ಓಡಿದ.

ಸಣ್ಣ ತುದಿ ಚೂಪು ಮಾಡಲು ಸುಲಭ, ನೆಲಕ್ಕೆ ಇಳಿಯುವುದೂ ಸಲೀಸು ಎಂದು ಅವನು ಎಲ್ಲ ಗೂಟಗಳನ್ನೂ ತಲೆಕೆಳಗಾಗಿ ನೆಟ್ಟಿದ್ದ. ಬೇರು ಬಿಡಬೇಕಾದ ಬುಡ ಆಕಾಶ ನೋಡುತ್ತಿತ್ತು. ಕೈಗೆಲಸ ಬಲ್ಲವನು ಮಾತ್ರ ಮಾಡುವ ತಪ್ಪು ಅದು. ಸೋಮಾರಿಯಾಗಿದ್ದರೆ ಚೂಪು ಮಾಡುವ ಗೋಜಿಗೇ ಹೋಗುತ್ತಿರಲಿಲ್ಲ.

ಎಲ್ಲವನ್ನೂ ಕಿತ್ತು ಹೊಸ ಕೊಂಬೆ ತಂದು ನೆಟ್ಟ. ನಡುನಡುವೆ ದನ ಬಾಯಿ ಹಾಕದ ಲಕ್ಕಿ ಗಿಡ ಕೂರಿಸಿದ. ಬೇರು ಹಿಡಿಯುವವರೆಗೆ ಗದ್ದೆಯ ಬದುವಿನ ಮೇಲೆಯೇ ಗುಡಿಸಲು ಹಾಕಿಕೊಂಡು ಹಂದಿ ಕಾದ. ಪುಷ್ಯ ಮಳೆಯ ಹೊತ್ತಿಗೆ ಗೂಟಗಳೆಲ್ಲ ಚಿಗುರಿ, ಬೇಲಿಗೆ ಹಸಿರು ಬಂತು. ನೀರು ಸಂದಿನಲ್ಲಿ ಸುಮ್ಮನೆ ಹರಿದುಹೋಗುತ್ತಿತ್ತು.

ಬಂದವರೆಲ್ಲ ನಿಂತು ನೋಡಿ ಹೋಗುತ್ತಿದ್ದರು. ಅಂಥ ಬೇಲಿ ಆ ಸೀಮೆಯಲ್ಲಿ ಇರಲಿಲ್ಲ ಎಂದರೆ ಹೆಚ್ಚಿನ ಮಾತಲ್ಲ.

ಒಂದು ಬೆಳಿಗ್ಗೆ ಆ ಬೇಲಿಯ ಒಳಗೆ ಎಮ್ಮೆಯೊಂದು ಆರಾಮವಾಗಿ ಪೈರು ಮೇಯುತ್ತಿತ್ತು.

ದೇವೀರಮ್ಮನ ಎಮ್ಮೆ ಅದು. ಒಂದು ಕೊಂಬು ಮುರಿದಿತ್ತು, ಮೈಯೆಲ್ಲ ಕೆಸರು. ಹೆಸರು ಮಾತ್ರ ಚೆಲುವಿ.

ಪರ್ವತ ಅದರ ಹಗ್ಗ ಹಿಡಿದು ಎಳೆದುಕೊಂಡು ಮಠದ ಮೆಟ್ಟಿಲ ಬುಡಕ್ಕೆ ತಂದ. ಹಿಂದೆಯೇ ದೇವೀರಮ್ಮ ಓಡೋಡಿ ಬಂದಳು. ಗಂಡನಿಲ್ಲದೆ ಒಬ್ಬಳೇ ಗದ್ದೆ ಮಾಡುವ ಹೆಂಗಸು. ಆ ಬೀಜಕ್ಕಾಗಿ ಎಲ್ಲರಿಗಿಂತ ಹೆಚ್ಚು ಕಾದಿದ್ದವಳು.

“ತಪ್ಪಾಯ್ತು ಮರಿದೇವ್ರೇ. ನನ್ನ ಬೀಜಾನ ನನ್ನ ಎಮ್ಮೇನೇ ತಿಂತಲ್ಲ, ಎಲ್ಲಿ ಮುಖ ಇಟ್ಕೊಳ್ಳಲಿ.”

“ಇದನ್ನ ದೊಡ್ಡಿಗೆ ಹಾಕ್ತೀನಿ ಬುದ್ಧಿ, ಅಪ್ಪಣೆ ಕೊಡಿ,” ಎಂದ ಪರ್ವತ.

ಬುದ್ಧಿ ಮೆಟ್ಟಿಲು ಇಳಿದು ಬಂದು ಎಮ್ಮೆಯನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮುಖ ಅರಳಿತು.

“ಇಷ್ಟು ದಪ್ಪ ಮೈ ಇಟ್ಕೊಂಡು ಆ ಬೇಲೀಲಿ ನುಗ್ಗಿದಳಾ? ಭೇಷ್.”

“ಬುದ್ಧಿ!”

“ಬೇಲಿ ಎಲ್ಲಿ ಸಡಿಲ ಇದೆ ಅಂತ ನಿಂಗೆ ಗೊತ್ತಾ?”

“ಎಲ್ಲೂ ಸಡಿಲ ಇಲ್ಲ ಬುದ್ಧಿ.”

“ನನಗೂ ಗೊತ್ತಿಲ್ಲ. ಇವಳಿಗೆ ಗೊತ್ತು. ನಾಳೆಯಿಂದ ಇವಳ ಹಿಂದೆ ಹೋಗು.”

ಮರುದಿನದಿಂದ ಪರ್ವತ ಎಮ್ಮೆಯ ಹಿಂದೆ ನಡೆದ. ಅದು ನಿಂತರೆ ನಿಂತ, ಅದು ಕೆಸರಲ್ಲಿ ಮಲಗಿದರೆ ದಡದಲ್ಲಿ ಕುಳಿತ. ಊರವರಿಗೆ ನಗು ತಡೆಯಲಾಗಲಿಲ್ಲ.

“ಮರಿದೇವ್ರು ಗುರುಗಳನ್ನ ಬದಲಾಯಿಸಿದಾರೆ ಕಣ್ರೋ!”

ಪರ್ವತನ ಕಿವಿ ಕೆಂಪಾಯಿತು. ಆದರೂ ಹಿಂದೆ ಸರಿಯಲಿಲ್ಲ. ಶಿಷ್ಯ ಎಂದರೆ ಹೀಗಿರಬೇಕು ಎಂದು ನನಗೆ ಅನಿಸುವುದು ಇಂಥ ಕಡೆಯೇ.

ಚೆಲುವಿ ಬೇಲಿಯ ಉದ್ದಕ್ಕೂ ಮೂಸುತ್ತಾ ಹೋಯಿತು. ಗಟ್ಟಿ ಇದ್ದ ಕಡೆ ತಿರುಗಿಯೂ ನೋಡಲಿಲ್ಲ. ಮೂಲೆಯ ಹತ್ತಿರ ಒಂದು ಕಡೆ ಮಾತ್ರ ನಿಂತಿತು. ಅಲ್ಲಿ ಲಕ್ಕಿ ಗಿಡಗಳು ಎರಡು ಕಡೆಗೆ ಬಾಗಿದ್ದವು. ನೆಲ ಸವೆದು ನುಣುಪಾಗಿತ್ತು.

ಪರ್ವತ ಅಲ್ಲೇ ಕಾದ. ಸ್ವಲ್ಪ ಹೊತ್ತಿನಲ್ಲಿ ಗುಡ್ಡದ ಕಡೆಯಿಂದ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಹೆಂಗಸರು ಗದ್ದೆಯ ಬದುವಿನ ಮೇಲೆ ಬಂದರು. ಆ ಸಂದಿನಲ್ಲಿ ಅಡ್ಡಡ್ಡ ತಿರುಗಿ ಒಬ್ಬೊಬ್ಬರಾಗಿ ನುಸುಳಿದರು. ಮುಂದೆ ದೇವೀರಮ್ಮನೇ ಇದ್ದಳು.

“ಬೇಲಿ ಮುರಿಯೋದು ನೀವಾ!” ಎಂದ ಪರ್ವತ. “ನಿಮಗೋಸ್ಕರ ಅಲ್ವಾ ಹಾಕಿದ್ದು?”

ದೇವೀರಮ್ಮ ಹೊರೆ ಇಳಿಸದೆಯೇ ಉತ್ತರ ಕೊಟ್ಟಳು.

“ನಮ್ಮ ಅಜ್ಜಿ ಕಾಲದಿಂದ್ಲೂ ಹುಲ್ಲಿಗೆ ಇದೇ ದಾರಿ ಮರಿದೇವ್ರೇ. ಸುತ್ತು ಹಾಕಿದ್ರೆ ಹಳ್ಳ ದಾಟ್ಬೇಕು, ಮಳೇಲಿ ಹಳ್ಳ ದಾಟಿಸುತ್ತಾ? ಕೇಳೋಣ ಅಂತ ಬಂದ್ವಿ. ನೀವು ಬೇಲಿ ಕಟ್ಟೋ ಭರದಲ್ಲಿ ತಲೆ ಎತ್ತಿ ನೋಡ್ಲೇ ಇಲ್ಲ.”

ಪರ್ವತನಿಗೆ ನೆನಪಾಯಿತು. ಅವರು ಬಂದಿದ್ದರು. ಅವನು ಗೂಟದ ಸಾಲು ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದ.

ಅವನಿಗೆ ನಾಚಿಕೆಯಾಯಿತು. ಗುರುಗಳ ಬಳಿ ಹೋಗಿ ಹೇಳಿದ.

“ಹಂದಿಗೆ, ದನಕ್ಕೆ ಅಂತ ಹಾಕಿದೆ. ಮನುಷ್ಯರಿಗೂ ಹಾಕ್ಬಿಟ್ಟೆ ಬುದ್ಧಿ.”

“ಯಾರು ಹೇಳಿಕೊಟ್ರು?”

“ಚೆಲುವಿ.”

ಬುದ್ಧಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಪರ್ವತ ಅಲ್ಲಿ ಉಣುಗೋಲು ಮಾಡಿದ. ದಾರಿಯ ಎರಡು ಬದಿಗೆ ದಪ್ಪ ಕಂಬ, ಕಂಬಗಳಲ್ಲಿ ತೂತು, ತೂತಿನಿಂದ ತೂತಿಗೆ ಅಡ್ಡಲಾಗಿ ಬಿದಿರಿನ ಗಳ. ಗಳ ಸರಿಸಿದರೆ ದಾರಿ, ಹಾಕಿದರೆ ಬೇಲಿ. ತೂತುಗಳನ್ನು ಎಷ್ಟು ನಯವಾಗಿ ಕೊರೆದಿದ್ದನೆಂದರೆ ಮಗುವೂ ಒಂದೇ ಕೈಯಲ್ಲಿ ಎಳೆಯಬಹುದಿತ್ತು.

ಬುದ್ಧಿ ಬಂದು ಗಳ ಎಳೆದರು, ಹಾಕಿದರು. ಮತ್ತೆ ಎಳೆದರು, ಮತ್ತೆ ಹಾಕಿದರು. ಮಳೆ ಜೋರಾದರೂ ಅಲ್ಲಿಂದ ಕದಲಲಿಲ್ಲ.

“ಬುದ್ಧಿ, ನೆನೀತಿದೀರಿ.”

“ನೆನೆಯೋದು ದಿನಾ ಇದ್ದದ್ದೇ ಕಣೋ. ಇಂಥದ್ದು ದಿನಾ ಸಿಗುತ್ತಾ?”

ಅಲ್ಲಿಂದ ಮುಂದೆ ಯಾವ ದನವೂ ಒಳಗೆ ಬರಲಿಲ್ಲ. ಹೆಂಗಸರು ಹೋಗುವಾಗ ಗಳ ಸರಿಸಿ, ದಾಟಿ, ಮರೆಯದೆ ಮುಚ್ಚುತ್ತಿದ್ದರು. ಹಂದಿಗಳು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದವು. ಪೈರು ಸೊಂಟಕ್ಕೆ ಬಂತು, ತೆನೆ ಬಿಟ್ಟಿತು, ಕಾಳು ಕಟ್ಟಿತು. ತೆನೆಗೆ ಕೆಂಪು ಬಣ್ಣ ಏರತೊಡಗಿತು.

ಪರ್ವತ ಬೆಳಿಗ್ಗೆ ಎದ್ದರೆ ಮೊದಲು ಬೇಲಿ ನೋಡುತ್ತಿದ್ದ, ಆಮೇಲೆ ಸೂರ್ಯನನ್ನು. ಸೂರ್ಯ ಇದ್ದರೆ.

ಆಗ ಹಸ್ತಾ ಮಳೆ ಬಂತು. ಕೊಯ್ಲಿಗೆ ಇನ್ನೇನು ಕೆಲವೇ ದಿನ.

ಮುಂಜಾನೆ ಪರ್ವತ ಎದ್ದು ಬಂಡೆಯ ಮೇಲಿಂದ ನೋಡುತ್ತಾನೆ, ಊರು ಕಾಣುತ್ತಿಲ್ಲ. ಮನೆಗಳ ಸೂರು ಮಾತ್ರ ಕಾಣುತ್ತಿದೆ. ಹೊಳೆ ಊರನ್ನು ದಾಟಿ ಮೇಲೆ ಬಂದಿದೆ. ಗುಡ್ಡದ ಒಂದು ಬದಿ ಕುಸಿದು ಹಳ್ಳವನ್ನು ಮುಚ್ಚಿದೆ. ನೀರಿನ ಮುಂದೆ ಮುಂದೆ ಇಡೀ ಊರು ದನಕರುಗಳನ್ನು ಹಿಡಿದುಕೊಂಡು ಮೇಲಕ್ಕೆ ಬರುತ್ತಿದೆ.

ಮಠದ ಮೆಟ್ಟಿಲು ಮನುಷ್ಯರಿಗಷ್ಟೇ. ದನ ಹತ್ತಲಾರದು. ಹಿಂದಿನ ಗುಡ್ಡ ಜಾರುತ್ತಿತ್ತು. ನೀರು ಮುಟ್ಟದ, ದನ ನಿಲ್ಲಬಹುದಾದ ಮಟ್ಟಸ ನೆಲ ಒಂದೇ ಒಂದಿತ್ತು.

ಅದು ಬೀಜದ ಗದ್ದೆ.

ಪರ್ವತ ಓಡಿ ಹೋಗಿ ಉಣುಗೋಲಿನ ಹಿಂದೆ ನಿಂತ. ಆಚೆ ಬದಿಗೆ ದೇವೀರಮ್ಮ ಚೆಲುವಿಯ ಹಗ್ಗ ಹಿಡಿದು ನಿಂತಿದ್ದಳು. ಅವಳ ಹಿಂದೆ ಎಲ್ಲರೂ, ಎಲ್ಲರ ದನಗಳೂ. ನೀರು ಹಿಂದಿನವರ ಮೊಣಕಾಲಿಗೆ ಬಂದಿತ್ತು.

ಯಾರೂ ಗಳಕ್ಕೆ ಕೈ ಹಾಕಲಿಲ್ಲ. ಮಗುವೂ ಎಳೆಯಬಹುದಾದ ಗಳ ಅದು.

“ಮರಿದೇವ್ರೇ,” ಎಂದಳು ದೇವೀರಮ್ಮ. “ಮಕ್ಕಳನ್ನ ಒಳಗೆ ಕರ್ಕೊಳ್ಳಿ, ವಯಸ್ಸಾದವರನ್ನ ಕರ್ಕೊಳ್ಳಿ. ಮಠದ ಮೇಲೆ ಕೂರಿಸಿ.”

“ದನ?”

“ದನ ಬೇಡ. ಒಳಗೆ ಬಿಟ್ರೆ ತುಳಿದುಹಾಕ್ತವೆ. ಮುಂದಿನ ವರ್ಷ ಬಿತ್ತೋದೇನು?”

“ನೀರು ಏರ್ತಾ ಇದೆಯಲ್ಲಮ್ಮ.”

“ಕಾಣ್ತಾ ಇದೆ.”

ಅವಳ ಕೈ ಎಮ್ಮೆಯ ಮುರಿದ ಕೊಂಬಿನ ಬುಡವನ್ನು ಸವರುತ್ತಲೇ ಇತ್ತು.

“ಹಗ್ಗ ಬಿಚ್ತೀನಿ. ಈಜೋ ಶಕ್ತಿ ಇದ್ರೆ ಈಜ್ಲಿ. ನೀವು ತೆಗೀಬೇಡಿ ಮರಿದೇವ್ರೇ. ಇಷ್ಟು ಚೆಂದ ಕಾಪಾಡಿದೀರಿ.”

ಪರ್ವತ ತಿರುಗಿ ಮಠದ ಕಡೆ ನೋಡಿದ. ಬುದ್ಧಿ ಜಗುಲಿಯ ಮೇಲೆ ಕಂಬಳಿಯನ್ನು ತಲೆಗೆ ಕೊಪ್ಪೆ ಹಾಕಿಕೊಂಡು ಕುಳಿತಿದ್ದರು. ನೋಡುತ್ತಿದ್ದರು. ಕೈ ಆಡಿಸಲಿಲ್ಲ, ತಲೆ ಆಡಿಸಲಿಲ್ಲ, ಕೂಗಲಿಲ್ಲ.

ಪರ್ವತ ತನ್ನ ಬೇಲಿಯನ್ನು ನೋಡಿದ. ತೆನೆ ತೂಗುವ ಗದ್ದೆಯನ್ನು ನೋಡಿದ. ತಪ್ಪಾದರೆ ಈ ಸಲ ಕಿತ್ತು ನೆಡಲು ಏನೂ ಉಳಿಯುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಗಳಗಳನ್ನು ಒಂದೊಂದಾಗಿ ಎಳೆದು ಪಕ್ಕಕ್ಕಿಟ್ಟ.

“ಬನ್ನಿ,” ಎಂದ. “ಎಲ್ಲರೂ ಬನ್ನಿ. ದನಾನೂ ಹೊಡ್ಕೊಂಡು ಬನ್ನಿ.”

ಅವರು ಬಂದರು. ಮೊದಲು ಬಂದ ಚೆಲುವಿ, ತಡೆಯುವಷ್ಟರಲ್ಲಿ, ಒಂದು ಬಾಯಿ ತುಂಬ ತೆನೆ ಕಿತ್ತುಕೊಂಡಿತು. ಹಿಂದೆ ಬಂದ ಹೋರಿಗಳು ಒಂದು ಮೂಲೆಯನ್ನು ತುಳಿದು ನೆಲಸಮ ಮಾಡಿದವು. ಪರ್ವತ ಕಣ್ಣು ಮುಚ್ಚಿಕೊಂಡ.

ಕಣ್ಣು ತೆರೆದಾಗ ದನಗಳು ತುಳಿಯುವ ಸದ್ದು ನಿಂತಿತ್ತು.

ದೇವೀರಮ್ಮ ಗದ್ದೆಯ ಕಡೆ ಬೆನ್ನು ಮಾಡಿ, ಬದುವಿನ ಮೇಲೆ ನಿಂತು, ಚೆಲುವಿಯ ಮೂಗುದಾರವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಅವಳ ಪಕ್ಕ ಇನ್ನೊಬ್ಬಳು, ಅವಳ ಪಕ್ಕ ಒಬ್ಬ ಮುದುಕ, ಅವನ ಪಕ್ಕ ಅವನ ಸೊಸೆ. ಭುಜಕ್ಕೆ ಭುಜ ತಾಗಿಸಿ ಊರಿಗೆ ಊರೇ ಗದ್ದೆಯ ಸುತ್ತ ನಿಂತಿತ್ತು. ದನಗಳೆಲ್ಲ ಅವರ ಮುಂದೆ, ಬೇಲಿಯ ಕಡೆಗೆ. ಪೈರೆಲ್ಲ ಅವರ ಬೆನ್ನ ಹಿಂದೆ.

ಹೀಗೆ ನಿಲ್ಲಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮಳೆ ಹುಯ್ಯುತ್ತಲೇ ಇತ್ತು. ದನ ಜಗ್ಗಿದರೆ ಅವರೂ ಜಗ್ಗುತ್ತಿದ್ದರು, ಒಬ್ಬರೂ ಹಿಂದಕ್ಕೆ ಒಂದು ಹೆಜ್ಜೆ ಇಡಲಿಲ್ಲ. ಪರ್ವತ ಆ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದ. ಎಷ್ಟು ಅಚ್ಚುಕಟ್ಟಾಗಿ ನೆಟ್ಟರೂ ಇಂಥ ಸಾಲು ತನ್ನ ಕೈಯಿಂದ ಆಗುತ್ತಿರಲಿಲ್ಲ ಎಂದುಕೊಂಡ.

ಆದರೂ ತುಳಿದುಹೋದ ಮೂಲೆ ಅವನ ಕಣ್ಣಿಗೆ ಚುಚ್ಚುತ್ತಿತ್ತು.

ಬುದ್ಧಿ ಮೆಟ್ಟಿಲು ಇಳಿದು ನಿಧಾನವಾಗಿ ನಡೆದು ಬಂದರು. ಪರ್ವತ ಅವರ ಕಾಲಿಗೆ ಬಿದ್ದ.

“ಬುದ್ಧಿ, ನಾನೇ ತೆಗೆದೆ. ಒಂದು ಮೂಲೆ ಬೀಜ ಹೋಯ್ತು.”

ಬುದ್ಧಿ ಮೂಲೆಯನ್ನು ನೋಡಲಿಲ್ಲ. ಮಳೆಯಲ್ಲಿ ನಿಂತಿದ್ದ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಗದ್ದೆಯ ಸುತ್ತ ಒಂದು ಸುತ್ತು ಬಂದರು. ದೇವೀರಮ್ಮನ ಮುಂದೆ ಬಂದಾಗ ತಮ್ಮ ಕಂಬಳಿಯನ್ನು ತೆಗೆದು ಅವಳಿಗೆ ಹೊದಿಸಿದರು. ಅವರ ಬರಿಯ ಹೆಗಲನ್ನು ಊರು ಕಂಡದ್ದು ಅದೇ ಮೊದಲು.

ಆಮೇಲೆ ಪರ್ವತನ ಬಳಿ ಬಂದು ನಿಂತರು.

“ಹೊರಗೆ ಯಾರಾದ್ರೂ ಉಳಿದಿದಾರಾ?”

“ಇಲ್ಲ ಬುದ್ಧಿ. ಎಲ್ಲಾ ಬಂದ್ರು.”

“ಹಾಗಾದ್ರೆ ಉಣುಗೋಲು ಹಾಕು.”